ಎಡಗಡೆ ಸ್ಟೀರಿಂಗಿನ ಕೆಂಪು ಕಾರು

1981ರಲ್ಲಿ ನಾನು ತುಮಕೂರು ಜಿಲ್ಲೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಸರ್ಕಾರಿ ಕಾಗದದಲ್ಲಿ ಎಂ.ವಿ.ಐ., ಜನರ ಬಾಯಲ್ಲಿ ಬ್ರೇಕ್ ಇನ್ಸ್‌ಪೆಕ್ಟರ್. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ನನ್ನ ಸರಹದ್ದು. ತಿಂಗಳಲ್ಲಿ ಇಂತಿಂಥ ದಿನ ಇಂತಿಂಥ ಊರಿನಲ್ಲಿ ಕ್ಯಾಂಪ್ ಹಾಕಿ ಬಸ್ಸು ಲಾರಿಗಳಿಗೆ ಎಫ್.ಸಿ., ಅಂದರೆ ರಸ್ತೆಗೆ ಯೋಗ್ಯ ಎಂಬ ಪ್ರಮಾಣಪತ್ರ ಕೊಡುವುದು, ಮೈದಾನದಲ್ಲಿ ಸುಣ್ಣದಿಂದ ಎಂಟು ಬರೆಸಿ ಲೈಸೆನ್ಸಿಗೆ ಬಂದವರನ್ನು ಪರೀಕ್ಷಿಸುವುದು, ಅಪಘಾತವಾದರೆ ಆ ವಾಹನವನ್ನು ತಪಾಸಣೆ ಮಾಡಿ ಪೊಲೀಸರಿಗೆ ವರದಿ ಕೊಡುವುದು ನನ್ನ ಕೆಲಸ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಅಂಥ ವರದಿ ಎಷ್ಟು ಬರೆದೆನೋ ಲೆಕ್ಕವಿಲ್ಲ. ಒಂದನ್ನು ಮಾತ್ರ ಸೇಡಿನಿಂದ ಬರೆದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಸೇಡು ಯಾರ ಮೇಲೆ ಎಂಬುದನ್ನೂ ಹೇಳಬೇಕು. ಮಧುಗಿರಿಯಲ್ಲಿ ಕಡಲೆಕಾಯಿ ಎಣ್ಣೆ ಮಿಲ್ಲಿನ ಒಂದು ಮನೆತನವಿತ್ತು. ಮಿಲ್ ಮನೆ ಎಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತಿತ್ತು. ನನ್ನ ಅಪ್ಪ ರಂಗಪ್ಪ ಆ ಮನೆಯ ಡ್ರೈವರ್ ಆಗಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲ್ಟ್ರಿ ಜೀಪುಗಳಲ್ಲಿ ಡ್ರೈವಿಂಗ್ ಕಲಿತವನು ಅವನು. 1956ರಲ್ಲಿ ಆ ಮನೆಯ ದೊಡ್ಡ ಧಣಿ ತಾನೇ ಕಾರು ಓಡಿಸುವ ಚಪಲಕ್ಕೆ ಸ್ಟೀರಿಂಗ್ ಹಿಡಿದು ತೋವಿನಕೆರೆ ದಾರಿಯಲ್ಲಿ ಒಬ್ಬ ಹೆಂಗಸನ್ನು ಹೊಡೆದು ಸಾಯಿಸಿದ. ಅಪ್ಪ ಪಕ್ಕದಲ್ಲಿ ಕೂತಿದ್ದ. ಆದರೆ ಸಂಜೆ ಠಾಣೆಗೆ ಹೋಗಿ ಓಡಿಸಿದ್ದು ನಾನೇ ಎಂದು ಹೆಬ್ಬೆಟ್ಟು ಒತ್ತಿ ಬಂದವನು ಅಪ್ಪ. ಇದಕ್ಕೆ ನಮ್ಮ ಕಡೆ ಕೇಸು ಹೊರುವುದು ಎನ್ನುತ್ತಿದ್ದರು. ಧಣಿ ಮಾಡಿದ ತಪ್ಪಿಗೆ ಡ್ರೈವರ್ ಕೇಸು ಹೊರಬೇಕು. ಕಾರು ತೊಳೆಯುವ ಹಾಗೆ, ಟೈರಿಗೆ ಗಾಳಿ ಹೊಡೆಸುವ ಹಾಗೆ ಅದೂ ಡ್ರೈವರನ ಒಂದು ಕೆಲಸ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಅಪ್ಪ ಹದಿನಾಲ್ಕು ತಿಂಗಳು ಜೈಲಿನಲ್ಲಿದ್ದ. ಬಿಡುಗಡೆಯಾಗಿ ಬಂದವನು ನೆಟ್ಟಗೆ ಮಿಲ್ ಮನೆಗೆ ಹೋದ ಎಂದೇ ನಾನು ತಿಳಿದಿದ್ದೆ. ನಾನೂ ಅವತ್ತು ಜೊತೆಗಿದ್ದೆ, ಹತ್ತು ವರ್ಷದವನು. ಧಣಿ ಜಗಲಿಯ ಮೇಲೆ ಎಲೆ ಹಾಕಿಸಿ ಊಟ ಹಾಕಿಸಿದ. ಕೈ ತೊಳೆದ ಮೇಲೆ ಹೇಳಿದ, "ಜೈಲಿಗೋಗಿ ಬಂದೋನ ಕೈಗೆ ಹೆಂಡ್ರು ಮಕ್ಕಳು ಕೂರೋ ಗಾಡಿ ಕೊಡಕಾಯ್ತದೇನೋ ರಂಗ, ನೀನೇ ಹೇಳು." ಅಪ್ಪ ತಲೆ ಆಡಿಸಿದ, ಅದು ನ್ಯಾಯವೇ ಎಂಬಂತೆ. ಶಿರಾದ ಹುಡುಗ ಬಾಷಾ ಆಗಲೇ ಆ ಸೀಟಿನಲ್ಲಿ ಕೂತಿದ್ದ. ಆಮೇಲೆ ಅಪ್ಪ ಸ್ಟೀರಿಂಗ್ ಮುಟ್ಟಲಿಲ್ಲ. ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊತ್ತು ನನ್ನನ್ನು ಆಟೋಮೊಬೈಲ್ ಡಿಪ್ಲೊಮಾ ಓದಿಸಿದ. ಆ ಜಗಲಿಯ ಎಲೆ, ಆ ತಲೆಯಾಡಿಕೆ ಎರಡನ್ನೂ ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ.

ದೊಡ್ಡ ಧಣಿ ಸತ್ತ. ಸಾಯುವ ಮೊದಲು ನನ್ನ ಕೈಗೆ ಸಿಗಲಿಲ್ಲವಲ್ಲ ಎಂದು ಅವನ ತಿಥಿಯ ದಿನ ನಾನು ಹಲ್ಲು ಕಡಿದುಕೊಂಡೆ. ಮಿಲ್ಲು ಮಗ ಚಂದ್ರಕಾಂತನ ಪಾಲಿಗೆ ಬಂತು. 1980ರ ದಸರೆಯ ಸುಮಾರಿಗೆ ಅವನು ಬೊಂಬಾಯಿಯಿಂದ ಒಂದು ಕೆಂಪು ಕಾರು ತಂದ. ಇಟಲಿಯದು. ಯಾವುದೋ ದೇಶದ ರಾಯಭಾರ ಕಚೇರಿಯವರು ಹೋಗುವಾಗ ಮಾರಿ ಹೋದದ್ದಂತೆ. ಆಗಲೇ ಹತ್ತು ವರ್ಷ ಹಳೆಯದು, ಆದರೂ ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಅಂಥದ್ದನ್ನು ಕಂಡವರಿರಲಿಲ್ಲ. ಎತ್ತರ ನನ್ನ ಎದೆಗೂ ಬರುತ್ತಿರಲಿಲ್ಲ. ಮೈಯಲ್ಲಿ ಎಲ್ಲೂ ಒಂದು ನೇರ ಗೆರೆಯಿಲ್ಲ, ಕುಂಬಾರ ಆಗಷ್ಟೇ ತಿಗರಿಯಿಂದ ಇಳಿಸಿದ ಮಡಕೆಯ ಹಾಗೆ ಎಲ್ಲ ಕಡೆಯೂ ದುಂಡಗೆ ಜಾರುತ್ತಿತ್ತು. ಕೊರಟಗೆರೆಯ ಬಸ್ಸು ಎದುರಾದರೆ ಡ್ರೈವರ್ ಬಸ್ಸು ನಿಲ್ಲಿಸಿ ನೋಡುತ್ತಿದ್ದ. ಪ್ರಯಾಣಿಕರು ಒಂದೇ ಕಡೆ ವಾಲಿ ನೋಡುತ್ತಿದ್ದರು.

ನಾನೂ ನೋಡಿದೆ, ಸುಳ್ಳೇಕೆ. ಕ್ಯಾಂಪ್ ಮುಗಿಸಿ ಬರುವಾಗ ಬೆಟ್ಟದ ಬುಡದ ತಿರುವಿನಲ್ಲಿ ಅದು ನನ್ನ ಮೋಟಾರ್ ಸೈಕಲ್ಲನ್ನು ದಾಟಿ ಹೋಯಿತು. ಅದರ ಎಂಜಿನ್ನಿನ ಸದ್ದು ಕಾರು ಹೋದ ಮೇಲೂ ಬಂಡೆಯಲ್ಲಿ ಒಂದು ಗಳಿಗೆ ಉಳಿದಿತ್ತು. ರೋಮ ಎದ್ದಿತು. ಜೊತೆಗೇ ಉರಿಯೂ ಎದ್ದಿತು, ನೋಡು, ದೇವರು ಇಂಥ ಚೆಲುವನ್ನು ಯಾರ ಕೈಗೆ ಕೊಟ್ಟಿದ್ದಾನೆ ಎಂದು.

1981ರ ಫೆಬ್ರವರಿಯಲ್ಲಿ ಆ ಕಾರು ಮದಲೂರು ಕೆರೆಯ ಹತ್ತಿರ ಕುರಿಮಂದೆಗೆ ನುಗ್ಗಿತು. ಹಾಡುಹಗಲು, ನಾಲ್ಕು ಗಂಟೆ. ನಿಡುಗಲ್ ಕಡೆಯಿಂದ ಮೇವು ಹುಡುಕಿಕೊಂಡು ಇಳಿದಿದ್ದ ಕುರಿಯವರು ಮಂದೆಯನ್ನು ನೀರಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಹನ್ನೊಂದು ಕುರಿ ಸತ್ತವು. ಕುರಿ ಕಾಯುವವನೂ ಸತ್ತ. ಅವನ ಹೆಂಡತಿ ಕೆಂಚಮ್ಮ ರಸ್ತೆಯ ಆಚೆ ಬದಿಯಲ್ಲಿದ್ದಳು, ಎಲ್ಲವನ್ನೂ ನೋಡಿದಳು.

ಕಾರಿನಲ್ಲಿ ಇದ್ದವರು ಇಬ್ಬರು, ಚಂದ್ರಕಾಂತ ಮತ್ತು ಡ್ರೈವರ್ ಬಾಷಾ. ಬಾಷಾ ಮಿಲ್ಲಿನ ಅಂಬಾಸಿಡರ್ ಓಡಿಸುವವನು. ಕೆಂಪು ಕಾರನ್ನು ಚಂದ್ರಕಾಂತ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ದಾರಿಯಲ್ಲಿ ಟೈರು ಬದಲಿಸಲು ಜೊತೆಗೊಬ್ಬ ಆಳು ಬೇಕಲ್ಲ, ಅದಕ್ಕೆ ಬಾಷಾ. ಇದು ಊರಿಗೆಲ್ಲ ಗೊತ್ತು, ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ಮಾರನೆಯ ದಿನ ಬಾಷಾ ಠಾಣೆಗೆ ಬಂದು ಓಡಿಸಿದ್ದು ನಾನೇ ಎಂದು ಬರೆದುಕೊಟ್ಟ. ಸುದ್ದಿ ಕೇಳಿ ನಾನು ಮನೆಯಲ್ಲಿ ಊಟಕ್ಕೆ ಕೂತಿದ್ದವನು ತಟ್ಟೆ ಸರಿಸಿ ಎದ್ದೆ. ಅಪ್ಪ ಎದುರಿಗೆ ಕೂತಿದ್ದ. "ಅದ್ಯಾಕ್ಲಾ ಎದ್ಬುಟ್ಟೆ, ಮುದ್ದೆ ಆರೋಯ್ತದೆ" ಎಂದ.

ಮೂರನೇ ದಿನ ತಪಾಸಣೆಗೆಂದು ಫೈಲು ನನ್ನ ಮೇಜಿಗೆ ಬಂತು. ಕಾನೂನು ಪ್ರಕಾರ ನಾನು ಅವತ್ತೇ ಮೇಲಧಿಕಾರಿಗೆ ಬರೆಯಬೇಕಿತ್ತು: ಈ ಮನೆಗೂ ನನಗೂ ಹಳೆಯ ಹಗೆಯಿದೆ, ಬೇರೆಯವರನ್ನು ಕಳಿಸಿ ಎಂದು. ಬರೆಯಲಿಲ್ಲ. ಆ ಫೈಲನ್ನು ನಾನು ಬೇರೆ ಯಾರಿಗಾದರೂ ಕೊಡುತ್ತಿದ್ದೆನೇ? ನೌಕರಿ ಹೋದರೂ ಕೊಡುತ್ತಿರಲಿಲ್ಲ.

ಫೈಲಿನಲ್ಲಿ ಎರಡು ಕಾಗದಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಮೊದಲನೆಯದು ಮಹಜರು. ಮಿಲ್ಲಿನ ಶೆಡ್ಡಿಗೆ ಹೋಗಿದ್ದ ವಯಸ್ಸಾದ ಹೆಡ್ ಕಾನ್ಸ್‌ಟೇಬಲ್ ಒಬ್ಬರು ಟಾರ್ಪಾಲು ಎತ್ತಿ ಕಾರಿನ ಮುಂದಿನ ಬಾನೆಟ್ ಮಾತ್ರ ತೆಗೆಸಿ ನೋಡಿ ಬರೆದಿದ್ದರು: "ತೆರೆದು ನೋಡಲಾಗಿ ಎಂಜಿನ್ ಇರುವುದಿಲ್ಲ. ಒಂದು ಸ್ಟೆಪ್ನಿ ಟೈರು ಇರುತ್ತದೆ. ಎಂಜಿನ್ ಎಲ್ಲಿ ಹೋಯಿತೆಂದು ವಿಚಾರಿಸಬೇಕಾಗಿದೆ." ಅವರನ್ನು ನೋಡಿ ನಗುವ ಹಾಗಿಲ್ಲ. ನಮ್ಮ ಕಾರುಗಳಲ್ಲಿ ಎಂಜಿನ್ ಮುಂದೆ ಇರುತ್ತದೆ. ಈ ಕಾರಿನಲ್ಲಿ ಅದು ಕೂರುವವರ ಬೆನ್ನಿಗೂ ಹಿಂದಿನ ಚಕ್ರಗಳಿಗೂ ನಡುವೆ ಇತ್ತು. ಮಿಡ್ ಎಂಜಿನ್ ಎನ್ನುತ್ತಾರೆ.

ಎರಡನೆಯದು ಕೆಂಚಮ್ಮನ ಹೇಳಿಕೆ. ಅಪಘಾತದ ಸಂಜೆ ಆಸ್ಪತ್ರೆಯಲ್ಲಿ, ಪೊಲೀಸರು ಯಾರೂ ಇನ್ನೂ ಕಾರು ನೋಡದಿದ್ದಾಗ ಬರೆದುಕೊಂಡದ್ದು. ಕಾರು ನಿಂತ ಮೇಲೆ ಎಡಗಡೆಯ ಬಾಗಿಲಿನಿಂದ ಬಿಳಿ ಪ್ಯಾಂಟಿನವನು ಇಳಿದ, ಬಲಗಡೆಯಿಂದ ಖಾಕಿ ಅಂಗಿಯವನು ಇಳಿದ ಎಂದು ಆಕೆ ಹೇಳಿದ್ದಳು. ಎಡಗಡೆ ಅಂದರೆ ಪಕ್ಕದ ಸೀಟು, ಬಲಗಡೆ ಅಂದರೆ ಡ್ರೈವರ್ ಸೀಟು, ಲೋಕಕ್ಕೆಲ್ಲ ತಿಳಿದದ್ದು. ಆದ್ದರಿಂದ ಗಂಡನನ್ನು ಕಳೆದುಕೊಂಡ ಹೆಂಗಸಿನ ಸಾಕ್ಷಿಯೇ ಚಂದ್ರಕಾಂತನನ್ನು ಕಾಪಾಡುವಂತೆ ಕಾಗದದ ಮೇಲೆ ಕೂತಿತ್ತು. ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ಕೆಂಪು ಕಾರು ನನ್ನನ್ನು ದಾಟಿ ಹೋದ ದಿನ ಅದರ ಸ್ಟೀರಿಂಗ್ ಎಡಗಡೆಗೆ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಅಂದು ಸಂಜೆ ಚಂದ್ರಕಾಂತ ನನ್ನ ಬಾಡಿಗೆ ಮನೆಗೆ ಬಂದ. ಮೂವತ್ತೆರಡು ವರ್ಷದ, ನೋಡಲು ಚೆನ್ನಾಗಿದ್ದ ಮನುಷ್ಯ. ಬಾಗಿಲಲ್ಲಿ ಅಪ್ಪ ಕೂತಿದ್ದ. ಮಿಲ್ ಮನೆಯವನ ದನಿ ಕೇಳಿದ್ದೇ ತಡ, ಅರವತ್ತು ದಾಟಿದ ಅಪ್ಪ ಹೆಗಲ ಟವೆಲ್ ಕಂಕುಳಿಗೆ ಇಳಿಸಿ ಎದ್ದು ನಿಂತ. ಚಂದ್ರಕಾಂತ ಅವನನ್ನು ನೋಡದೆ ದಾಟಿ ಒಳಗೆ ಬಂದ. ಅಪ್ಪ ಎದ್ದದ್ದನ್ನು ನೋಡಿದಾಗ ನನಗೆ ಬಂದ ಸಿಟ್ಟು ಈಗ ಬರೆಯುವಾಗಲೂ ಆರಿಲ್ಲ.

"ಇನ್ಸ್‌ಪೆಕ್ಟ್ರೇ, ಬಾಷಾ ಒಪ್ಕೊಂಡಿದಾನೆ. ನೀವು ಬ್ರೇಕ್ ಫೇಲ್ ಆಗಿತ್ತು ಅಂತ ಒಂದ್ಸಾಲು ಬರೆದ್ರೆ ಅವನಿಗೂ ಕೇಸು ಹಗುರ ಆಗುತ್ತೆ. ಪಾಪ, ಬಡವ" ಎಂದ ಚಂದ್ರಕಾಂತ.

"ಗಾಡೀನ ನೋಡದೆ ಬರೆಯೋಕಾಗಲ್ಲ" ಎಂದೆ. "ಠಾಣೆಗೆ ತರಿಸಿ. ನೋಡ್ತೀನಿ. ಬಾಷಾನೂ ಬರಲಿ."

"ಖಂಡಿತ" ಎಂದು ಕೈಕುಲುಕಿ ಹೋದ. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ್ದಲ್ಲದೆ, ಮೇಕೆಯ ಮೇಲೆ ಮರುಕವನ್ನೂ ತೋರಿಸಿ ಹೋಯಿತು.

ತಪಾಸಣೆಯ ದಿನ ಕಾರು ಶಿರಾ ಠಾಣೆಯ ಅಂಗಳದ ಹುಣಸೆಮರದ ಕೆಳಗೆ ನಿಂತಿತ್ತು. ಮುಂದಿನ ಬಲ ಮಡ್‌ಗಾರ್ಡ್ ಒಳಕ್ಕೆ ಹೋಗಿತ್ತು, ದೀಪ ಒಡೆದಿತ್ತು. ಹೊಸದಾಗಿ ವರ್ಗವಾಗಿ ಬಂದಿದ್ದ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು ಖುದ್ದಾಗಿ ಬಂದರು. ಆ ಊರಿನ ಯಾರ ಉಪ್ಪನ್ನೂ ಇನ್ನೂ ತಿಂದಿರದ ಮನುಷ್ಯ. ನಾನು ನನ್ನ ಚೀಲ ಬಿಚ್ಚಿ ವಿಧಿಪ್ರಕಾರ ಶುರುಮಾಡಿದೆ. ಎಂಜಿನ್ ನಂಬರು, ಚಾಸಿಸ್ ನಂಬರು ಬರೆದುಕೊಂಡೆ. ಅವೆರಡೂ ಇವತ್ತಿಗೂ ನನಗೆ ಬಾಯಿಪಾಠ. ವಿ ಆಕಾರದ ಆರು ಸಿಲಿಂಡರು, ಎರಡೂ ಕಾಲು ಲೀಟರಿಗೂ ಸ್ವಲ್ಪ ಮೇಲೆ. ನಮ್ಮ ಅಂಬಾಸಿಡರಿನ ಎಂಜಿನ್ ಐವತ್ತು ಕುದುರೆಯ ಶಕ್ತಿ ಕೊಟ್ಟರೆ ಇದರದ್ದು ಇನ್ನೂರಕ್ಕೆ ಹತ್ತಿರ. ತೂಕವೋ ಅಂಬಾಸಿಡರಿಗಿಂತ ಕಮ್ಮಿ. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕು. ಪೈಪಿನಲ್ಲಿ ಸೋರಿಕೆಯಿಲ್ಲ, ದ್ರವ ತುಂಬಿದೆ, ಪ್ಯಾಡು ಮುಕ್ಕಾಲು ಉಳಿದಿದೆ. ಬ್ರೇಕ್ ಫೇಲ್ ಆಗಲು ಅಲ್ಲಿ ಒಂದೇ ಒಂದು ಕಾರಣ ಹುಡುಕಿದರೂ ಇರಲಿಲ್ಲ.

ಆಮೇಲೆ ಓಡಿಸಿ ನೋಡಬೇಕು. ಸರ್ಕಲ್ ಸಾಹೇಬರು ಪಕ್ಕದಲ್ಲಿ ಕೂತರು. ಶಿರಾದಿಂದಾಚೆ ಪೂನಾ ರಸ್ತೆ ನೇರಕ್ಕೆ ಬಿದ್ದಿರುವ ಕಡೆಗೆ ಹೋದೆವು. ಸೀಟಿನಲ್ಲಿ ಕೂತರೆ ನೆಲಕ್ಕೇ ಕೂತ ಹಾಗೆ. ಗೇರ್ ಕಡ್ಡಿ ನಮ್ಮ ಕಾರುಗಳಂತೆ ಸ್ಟೀರಿಂಗಿನ ಕೆಳಗಿಲ್ಲ; ನೆಲದಲ್ಲಿ, ಬಲಗೈಯ ಹತ್ತಿರ, ಉಕ್ಕಿನ ತಟ್ಟೆಯಲ್ಲಿ ಕೊರೆದ ದಾರಿಗಳಲ್ಲಿ ಓಡಾಡುತ್ತಿತ್ತು. ಒಂದನೇ ಗೇರಿಗೆ ಕಡ್ಡಿಯನ್ನು ನಮ್ಮ ಕಡೆಗೆ ಎಳೆದು ಹಿಂದಕ್ಕೆ ತಳ್ಳಬೇಕು. ಮುಂದಕ್ಕೆ ತಳ್ಳಿದರೆ ರಿವರ್ಸ್. ಇದು ತಿಳಿಯಲು ನಾನೇ ಮೊದಲು ತಟ್ಟೆಯ ಮೇಲೆ ಕೆತ್ತಿದ್ದ ಅಂಕಿಗಳನ್ನು ನೋಡಬೇಕಾಯಿತು, ಇದು ನೆನಪಿರಲಿ.

ಎಂಜಿನ್ ತಲೆಯ ಹಿಂದೆ ಗುರುಗುಟ್ಟಲು ಶುರುವಾಯಿತು. ಮೂರು ಸಾವಿರ ಸುತ್ತಿನ ತನಕ ಅದು ಸಾಧು. ಐದು ಸಾವಿರಕ್ಕೆ ಬಂದಾಗ ದನಿ ಬದಲಾಯಿತು. ಬೆನ್ನನ್ನು ಯಾರೋ ಅಂಗೈಯಿಂದ ತಳ್ಳಿದರು. ಮೂರನೇ ಗೇರಿನಲ್ಲೇ ಮುಳ್ಳು ನೂರ ಇಪ್ಪತ್ತು ದಾಟಿತು. ತಿರುವಿನಲ್ಲಿ ಕಾರು ವಾಲಲಿಲ್ಲ. ಬುತ್ತಿಗಂಟನ್ನು ಕೋಲಿನ ತುದಿಗೆ ಕಟ್ಟಿಕೊಂಡವನು ತಿರುಗುವಾಗ ತೂರಾಡುತ್ತಾನೆ, ಸೊಂಟಕ್ಕೆ ಕಟ್ಟಿಕೊಂಡವನು ಸಲೀಸಾಗಿ ತಿರುಗುತ್ತಾನೆ. ಎಂಜಿನ್ನಿನ ಭಾರವನ್ನು ನಡುವಿಗೆ ಇಟ್ಟಿರುವ ಗುಟ್ಟು ಅಷ್ಟೇ. ಸ್ಟೀರಿಂಗಿನಲ್ಲಿ ರಸ್ತೆಯ ಪ್ರತಿ ಜಲ್ಲಿಯೂ ಬೆರಳಿಗೆ ತಿಳಿಯುತ್ತಿತ್ತು. ಮೂವತ್ತೊಂದು ವರ್ಷ ಸಾವಿರಾರು ಗಾಡಿ ಓಡಿಸಿದ್ದೇನೆ, ಅಂಥದ್ದು ಇನ್ನೊಂದಿಲ್ಲ. ಬ್ರೇಕ್ ಪರೀಕ್ಷೆಗೆ ಒಂದು ಸಲ ಓಡಿಸಿದರೆ ಸಾಕು. ಮುಗಿದ ಮೇಲೆ ಸರ್ಕಲ್ ಸಾಹೇಬರು ಮೀಸೆ ಒರೆಸಿಕೊಂಡು, "ಇನ್ನೊಂದ್ಸಲ ಖಾತ್ರಿ ಮಾಡ್ಕೊಳ್ಳೋದು ಒಳ್ಳೇದಲ್ವಾ ಸಾರ್" ಎಂದರು. ನಾವು ನಾಲ್ಕು ಸಲ ಖಾತ್ರಿ ಮಾಡಿಕೊಂಡೆವು.

ಅರವತ್ತು ಕಿಲೋಮೀಟರ್ ವೇಗದಲ್ಲಿ ಪೆಡಲ್ ಒತ್ತಿದರೆ ಕಾರು ಅರವತ್ತೈದು ಅಡಿಯಲ್ಲಿ ನಿಂತಿತು, ಗೆರೆ ಎಳೆದ ಹಾಗೆ ನೆಟ್ಟಗೆ. ಆಮೇಲೆ ಮದಲೂರು ಕೆರೆಯ ಹತ್ತಿರ ಹೋಗಿ ಡಾಂಬರಿನ ಮೇಲೆ ಇನ್ನೂ ಉಳಿದಿದ್ದ ಟೈರಿನ ಕಪ್ಪು ಗುರುತನ್ನು ಟೇಪು ಹಿಡಿದು ಅಳೆದೆ. ಇನ್ನೂರು ಅಡಿ. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ನಾಲ್ಕು ಪಟ್ಟಾಗುತ್ತದೆ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಆ ಲೆಕ್ಕ ಹಿಡಿದರೆ ಬ್ರೇಕ್ ಒತ್ತುವಾಗ ಕಾರಿನ ವೇಗ ನೂರನ್ನು ದಾಟಿತ್ತು. ಎರಡು ಬದಿಯಲ್ಲೂ ಹೊಲ, ಮರವಿಲ್ಲ, ಮಂದೆ ಅರ್ಧ ಮೈಲಿಯಿಂದಲೇ ಕಾಣುತ್ತದೆ. ಆ ಸೀಟಿನಲ್ಲಿ ಕೂತು ಬಂದಿದ್ದ ನನಗೆ ಅವನು ಯಾಕೆ ಕಾಲು ಎತ್ತಲಿಲ್ಲ ಎಂಬುದು ಚೆನ್ನಾಗಿ ಅರ್ಥವಾಗಿತ್ತು. ಆ ಎಂಜಿನ್ನಿನ ದನಿ ಕಾಲನ್ನು ಎತ್ತಗೊಡುವುದಿಲ್ಲ. ಅರ್ಥವಾದದ್ದರಿಂದ ನನ್ನ ಸಿಟ್ಟು ಇಳಿಯಲಿಲ್ಲ, ಇಮ್ಮಡಿಯಾಯಿತು. ಅಷ್ಟು ಒಳ್ಳೆಯ ಬ್ರೇಕು ಕಾಲಡಿಯಲ್ಲಿದ್ದೂ ಸಕಾಲಕ್ಕೆ ಒತ್ತಲಿಲ್ಲವಲ್ಲ ಪಾಪಿ.

ಠಾಣೆಗೆ ವಾಪಸು ಬಂದಾಗ ಚಂದ್ರಕಾಂತ ತನ್ನ ವಕೀಲರ ಜೊತೆ ನಿಂತಿದ್ದ. ಬಾಷಾ ಖಾಕಿ ಅಂಗಿಯಲ್ಲಿ ಕೈಕಟ್ಟಿ ನಿಂತಿದ್ದ. ತಲೆ ನರೆತಿತ್ತು. ಕೆಂಚಮ್ಮ ಮೈದುನನ ಜೊತೆ ಹುಣಸೆಮರದ ಕಟ್ಟೆಯ ಕೆಳಗೆ ಕೂತಿದ್ದಳು. ಕಾರನ್ನು ನಾನು ಬೇಕೆಂದೇ ಕಟ್ಟೆಗೆ ಬೆನ್ನಾಗಿ, ಎರಡೂ ಬಾಗಿಲು ಎಲ್ಲರಿಗೂ ಕಾಣುವಂತೆ ನಿಲ್ಲಿಸಿ, ಕೀ ಅದರಲ್ಲೇ ಬಿಟ್ಟು ಇಳಿದೆ.

ಮೊದಲು ಬಾಷಾನನ್ನು ಪಕ್ಕಕ್ಕೆ ಕರೆದು ಕೇಳಿದೆ, "ನೀನೇ ಓಡಿಸಿದ್ದಾ?"

"ಹೌದು ಸಾಬ್."

"ಸುಳ್ಳು ಹೇಳಿ ಜೈಲಿಗೆ ಯಾಕಪ್ಪಾ ಹೋಗ್ತೀಯ?"

"ಇಪ್ಪತ್ಮೂರು ವರ್ಷ ಆ ಮನೆ ನಮಕ್ ತಿಂದಿದೀನಿ ಸಾಬ್. ನಾಳೆ ಮೇಲೆ ಹೋದಾಗ ಏನಂತ ಜವಾಬ್ ಹೇಳ್ಲಿ?" ಎಂದ.

ಅದೇ ಮಾತು. 1956ರಲ್ಲಿ ಅಮ್ಮ ಅಳುತ್ತಾ ಕೇಳಿದಾಗ ಅಪ್ಪ ಆಡಿದ್ದ ಮಾತು, ಉಪ್ಪು ತಿಂದಿವ್ನಿ ಕಣಮ್ಮಿ ಎಂದು. ಅಪ್ಪನ ಸೀಟು ಕಸಿದವನೆಂದು ನಾನು ಬಾಷಾನನ್ನೂ ವರ್ಷಗಟ್ಟಲೆ ದ್ವೇಷಿಸಿದ್ದೆ. ಆ ಕ್ಷಣಕ್ಕೆ ಅದು ಕರಗಿತು ಎಂದರೆ ಸುಳ್ಳಾಗುತ್ತದೆ. ಇವನನ್ನು ಇಟ್ಟುಕೊಂಡೇ ಅವನನ್ನು ಹಿಡಿಯುತ್ತೇನೆ ಎಂದುಕೊಂಡೆ, ಅಷ್ಟೇ.

ಲೈಸೆನ್ಸ್ ಇರುವವನು ಆ ವಾಹನ ಓಡಿಸಲು ಸಮರ್ಥನೇ ಎಂದು ಪರೀಕ್ಷೆ ಮಾಡುವುದು ನನ್ನ ಅಧಿಕಾರದೊಳಗಿತ್ತು. ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ, "ಬಾಷಾ, ಗಾಡಿ ತಗೊಂಡು ಗೇಟಿನ ತನಕ ಹೋಗಿ ಬಾ."

ಅವನು ಹೆಗಲು ನೆಟ್ಟಗೆ ಮಾಡಿಕೊಂಡು ಹೊರಟ. ಚಂದ್ರಕಾಂತ ಅವನಿಗೆ ಏನೇನು ಹೇಳಿಕೊಟ್ಟಿದ್ದನೋ ನನಗೆ ತಿಳಿಯದು. ಆದರೆ ಇಪ್ಪತ್ಮೂರು ವರ್ಷದ ಕಾಲುಗಳಿಗೆ ಯಾರು ಹೇಳಿಕೊಡುತ್ತಾರೆ? ಬಾಷಾ ಕಾರಿನ ಬಲಗಡೆಗೆ ಹೋದ, ಬಾಗಿಲು ತೆಗೆದ, ಬಗ್ಗಿ ಕೂತ, ಎರಡು ಕೈಯನ್ನೂ ಮುಂದೆ ಚಾಚಿದ. ಅಲ್ಲಿ ಹಿಡಿಯಲು ಏನೂ ಇರಲಿಲ್ಲ.

ಕಾನ್ಸ್‌ಟೇಬಲ್‌ಗಳು ಮುಖ ಮುಖ ನೋಡಿಕೊಂಡರು. ವಕೀಲರು ಗಾಬರಿಯಾಗಿದಾನೆ ಪಾಪ ಎಂದರು. ಬಾಷಾ ಇಳಿದು, ಕಾರಿನ ಮುಂದಿನಿಂದ ಬಳಸಿ ಬಂದು ಎಡಗಡೆ ಕೂತ. ಎಂಜಿನ್ ಚಾಲೂ ಆಯಿತು. ಅವನ ಕೈ ಸ್ಟೀರಿಂಗಿನ ಕೆಳಗೆ ಅಂಬಾಸಿಡರಿನ ಗೇರ್ ಕಡ್ಡಿಯನ್ನು ತಡಕಿತು, ಎರಡು ಸಲ. ಆಮೇಲೆ ನೆಲದ ಕಡ್ಡಿ ಸಿಕ್ಕಿತು. ಕಾರು ಮುಂದೆ ಹೋಗಬೇಕಲ್ಲ, ಹಾಗಾಗಿ ಕಡ್ಡಿಯನ್ನು ತನ್ನ ಕಡೆಗೆ ಎಳೆದು ಮುಂದಕ್ಕೆ ತಳ್ಳಿ ಕ್ಲಚ್ ಬಿಟ್ಟ. ಕಾರು ಹಿಂದಕ್ಕೆ ಎರಡು ಮಾರು ಹಾರಿ ಬಂದು ನಿಂತು ಆಫಾಯಿತು. ಅದರ ಹಿಂದೆ ನಿಂತಿದ್ದವನು ಚಂದ್ರಕಾಂತ. ಮೈಮೇಲೆ ಬರುವ ಗಾಡಿಯಿಂದ ತಪ್ಪಿಸಿಕೊಳ್ಳಲು ಅವನು ಕಟ್ಟೆಯ ಮೇಲೆ ಮಗುಚಿ ಬಿದ್ದ. ಬಿಳಿ ಪ್ಯಾಂಟಿನ ಮೊಣಕಾಲು ಹರಿದು ಮಣ್ಣಾಯಿತು. ಅವನ ಮುಖ ಸುಣ್ಣವಾದದ್ದನ್ನು ನಾನು ಹೊಟ್ಟೆ ತುಂಬ ನೋಡಿದೆ.

ಆಗ ಕೆಂಚಮ್ಮ ಎದ್ದು ನಿಂತಳು. ಪಾವಗಡದ ಕಡೆಯ ತೆಲುಗು ಬೆರೆತ ಮಾತು ಅವಳದು. ಸ್ಟೀರಿಂಗ್ ಇದ್ದ ಎಡಗಡೆಯ ಬಾಗಿಲಿಗೂ ಚಂದ್ರಕಾಂತನಿಗೂ ಕೈ ತೋರಿಸಿ, "ಈ ತಲುಪು ತೆಗೆದು ಇಳಿದೋನು ಅವನೇ ಸಾಮಿ. ನಾ ಅವತ್ತೇ ಚೆಪ್ಪಿದೆ. ಯಾರೂ ಇನ್ನಲಿಲ್ಲ" ಎಂದಳು. ಹೇಳಿದೆ, ಯಾರೂ ಕೇಳಲಿಲ್ಲ ಎಂದು. ಸರ್ಕಲ್ ಸಾಹೇಬರು ಅವಳ ಹಳೆಯ ಹೇಳಿಕೆಯನ್ನು ತರಿಸಿ ಓದಿದರು. ಎಡಗಡೆಯ ಬಾಗಿಲು, ಬಿಳಿ ಪ್ಯಾಂಟು. ಅದೇ ಸಾಲು, ಈಗ ಅದರ ಹೊರೆ ಬೇರೆಯವನ ತಲೆಗೆ ಬಂದಿತ್ತು. ಬಾಷಾ ಸೀಟಿನಲ್ಲೇ ಕೂತು ಸ್ಟೀರಿಂಗಿನ ಮೇಲೆ ಹಣೆ ಇಟ್ಟು ಅಳುತ್ತಿದ್ದ. ಸಾಹೇಬರು ಅವನನ್ನು ಒಳಗೆ ಕರೆದುಕೊಂಡು ಹೋದರು, ಮುಕ್ಕಾಲು ಗಂಟೆಯಲ್ಲಿ ಅವನು ನಿಜ ಬರೆಸಿದ.

ಚಂದ್ರಕಾಂತನನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದರು. ನನ್ನ ವರದಿಗೆ ಅವನ ಸಹಿ ಬೇಕಿರಲಿಲ್ಲ, ಆದರೂ ಹತ್ತಿರ ಹೋದೆ. ಇಪ್ಪತ್ತೈದು ವರ್ಷದಿಂದ ಕಾದಿಟ್ಟಿದ್ದ ಮಾತು ಅದು. "ನಾನು ರಂಗಪ್ಪನ ಮಗ" ಎಂದೆ.

ಅವನು ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ನಾಟಕವೇನೂ ಇರಲಿಲ್ಲ. "ಯಾವ ರಂಗಪ್ಪ?" ಎಂದ.

ನಾನು ಹೊರಗೆ ಬಂದೆ.

ಮೊಕದ್ದಮೆ ಮೂರು ವರ್ಷ ನಡೆಯಿತು. ಅಜಾಗರೂಕ ಚಾಲನೆಯಿಂದ ಸಾವು ಎಂದು ಸಾಬೀತಾಗಿ ವಿಚಾರಣಾ ನ್ಯಾಯಾಲಯದಲ್ಲಿ ಒಂದು ವರ್ಷ, ಮೇಲ್ಮನವಿಯಲ್ಲಿ ಅದು ಆರು ತಿಂಗಳಿಗೆ ಇಳಿಯಿತು. ಅಪ್ಪನ ಹದಿನಾಲ್ಕು ತಿಂಗಳಿಗೆ ಇನ್ನೂ ಎಂಟು ಕಮ್ಮಿ ಎಂದು ನಾನು ಅವತ್ತು ಹೆಂಡತಿಗೆ ಹೇಳಿದೆ. ಕಾರು ಮುದ್ದೇಮಾಲು, ಅಂದರೆ ಕೇಸಿನ ವಸ್ತುವಾಗಿ, ಅದೇ ಹುಣಸೆಮರದ ಕೆಳಗೆ ಉಳಿಯಿತು. ಬಿಡಿಸಿಕೊಳ್ಳಲು ಚಂದ್ರಕಾಂತ ಮೂರು ಸಲ ಅರ್ಜಿ ಹಾಕಿದ. ನ್ಯಾಯಾಲಯ ನನ್ನ ಅಭಿಪ್ರಾಯ ಕೇಳಿದಾಗಲೆಲ್ಲ, ಸ್ಟೀರಿಂಗಿನ ಮತ್ತು ಗೇರಿನ ಸ್ಥಾನವೇ ಮುಖ್ಯ ಸಾಕ್ಷ್ಯವಾದ್ದರಿಂದ ವಾಹನ ಇದ್ದ ಸ್ಥಿತಿಯಲ್ಲೇ ಇರತಕ್ಕದ್ದು ಎಂದು ಬರೆದೆ. ನಿಯಮ ಹಾಗೆಯೇ ಇತ್ತು. ಟೈರು ಕೂತುಹೋಯಿತು, ಸೀಟಿನಲ್ಲಿ ಇಲಿ ಮರಿ ಹಾಕಿತು, ಕೆಂಪು ಬಣ್ಣದ ಮೇಲೆ ಹುಣಸೆಹೂವು ಉದುರಿ ಕೊಳೆಯಿತು. ಆ ದಾರಿಯಲ್ಲಿ ಹೋಗುವಾಗಲೆಲ್ಲ ನೋಡುತ್ತಿದ್ದೆ. ಅವನ ಹೊಟ್ಟೆ ಉರಿಯುತ್ತಿರುತ್ತದೆ ಎಂದು ಸುಖವಾಗುತ್ತಿತ್ತು. ತಪ್ಪೇ ಮಾಡದ ಕಾರಿನ ಪಾಡು ನೋಡಿ ಸಂಕಟವೂ ಆಗುತ್ತಿತ್ತು.

ಬಾಷಾ ಒಮ್ಮೆ ಶಿರಾ ಕ್ಯಾಂಪಿಗೆ ಬಂದಿದ್ದ. ಮಿಲ್ಲಿನ ಕೆಲಸ ಹೋಗಿತ್ತು, ಬಸ್‌ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ. "ಜೈಲು ತಪ್ಪಿಸಿದ್ರಿ, ಖುದಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದ. ಆಮೇಲೆ, "ಆದ್ರೆ ಅಷ್ಟು ಜನದ ಮುಂದೆ ನನ್ನ ತಮಾಷಾ ಮಾಡ್ಬಾರ್ದಿತ್ತು ಸಾಬ್. ಡ್ರೈವರ್ಗೆ ಗಾಡಿ ಬರಲ್ಲ ಅನ್ನೋ ಹಂಗಾಯ್ತು" ಎಂದ.

1984ರಲ್ಲಿ ಮೇಲ್ಮನವಿಯ ತೀರ್ಪು ಬಂದ ಮರುದಿನ ಅಪ್ಪನನ್ನು ಆ ಅಂಗಳಕ್ಕೆ ಕರೆದುಕೊಂಡು ಹೋದೆ. ತೀರ್ಪಿನ ಸುದ್ದಿ ಹೇಳಿದಾಗ ಅವನು ಹೂಂ ಎಂದಿದ್ದ, ಅಷ್ಟೇ. ಕಾರಿನ ಸುತ್ತ ಒಂದು ಸುತ್ತು ಬಂದ. ಎಡಗಡೆಯ ಬಾಗಿಲು ತೆಗೆದು, ಧೂಳು ಒರೆಸಿ, ಮೊಣಕಾಲು ಹಿಡಿದುಕೊಂಡು ಕೂತ. ಇಪ್ಪತ್ತೆಂಟು ವರ್ಷದ ನಂತರ ಅವನ ಕೈ ಸ್ಟೀರಿಂಗಿನ ಮೇಲಿತ್ತು. ಬಲಗೈ ತಾನಾಗಿ ಗೇರ್ ಕಡ್ಡಿಗೆ ಹೋಯಿತು. ತನ್ನ ಕಡೆಗೆ ಎಳೆದು ಹಿಂದಕ್ಕೆ ತಳ್ಳಿತು. ಟಕ್ಕೆಂದು ಒಂದನೇ ಗೇರು ಬಿತ್ತು.

"ನಿಂಗೆ ಹೆಂಗೆ ಗೊತ್ತಾಯ್ತಪ್ಪ?" ಎಂದೆ.

"ಮಿಲ್ಟ್ರಿ ಜೀಪ್ನಲ್ಲೂ ಇಂಗೇ ಕಣ್ಲಾ, ಒಂದ್ನೇ ಗೇರು ಹಿಂದಕ್ಕೆ" ಎಂದ. ಗೇರು ಬಿಡಿಸಿ ಮತ್ತೆ ಹಾಕಿದ, ಮತ್ತೆ ಬಿಡಿಸಿದ. "ಓಡಿಸ್ದಲ್ಲ, ಹೆಂಗಿತ್ಲಾ?"

ನಾನು ಹೇಳಿದೆ. ಎಂಜಿನ್ನಿನ ದನಿ, ತಿರುವು, ಬ್ರೇಕು, ಎಲ್ಲವನ್ನೂ. ಅವನು ಮುಂದೆ ನೋಡುತ್ತಾ ಕೇಳಿಸಿಕೊಂಡ. ನಂತರ ನಾನು ಕಾಯುತ್ತಿದ್ದ ಮಾತನ್ನು ಅವನು ಆಡಲೇ ಇಲ್ಲ. ಬೇರೊಂದು ಕೇಳಿದ.

"ಲೇ, ನಾನು ಕೇಸು ಹೊತ್ಕಂಡ್ನಲ್ಲ, ಅವತ್ತು ಸತ್ತೋಳು ಯಾರು ಗೊತ್ತೇನ್ಲಾ ನಿಂಗೆ?"

"ತೋವಿನಕೆರೆ ಕಡೆ ಯಾವುದೋ ಹೆಂಗಸು."

"ಹೆಸ್ರು?"

ನನಗೆ ಗೊತ್ತಿರಲಿಲ್ಲ. ಎಂದೂ ಕೇಳಿರಲಿಲ್ಲ.

"ಪುಟ್ನಂಜಿ. ತಲೆ ಮ್ಯಾಲೆ ಹುಲ್ಲಿನ ಹೊರೆ ಇತ್ತು. ಜೈಲಿಂದ ಬಂದೋನು ಮೊದ್ಲು ಅವಳ ಮನೆಗೇ ಹೋದೆ. ನಾನಲ್ಲ ಕಣವ್ವ ಹೊಡ್ದೋನು ಅಂತ ಅವಳ ಅವ್ವನಿಗೆ ಹೇಳನ ಅಂತ. ಆ ಮುದುಕಿ, ಹೊಡ್ದೋನು ಬಂದವ್ನೆ ಅಂತ ಗೊತ್ತಿದ್ದೂ ಕುಡ್ಯಕ್ಕೆ ನೀರು ಕೊಟ್ಲು. ಬಾಯಿ ಬರ್ನಿಲ್ಲ. ಸುಳ್ಳು ಹೇಳಿ ನಾನೇ ಅಂದಿದ್ನಲ್ಲ, ಅದ್ನೇ ನಿಜ ಮಾಡ್ಕಂಡು ಎದ್ಬಂದೆ." ಅಪ್ಪ ನನ್ನ ಕಡೆ ತಿರುಗಿದ. "ಈ ಕುರಿಯೋನ ಹೆಸ್ರೇನ್ಲಾ?"

ನಾನು ಬಾಯಿ ತೆರೆದೆ. ಎಂಜಿನ್ ನಂಬರು ಬಂತು, ಚಾಸಿಸ್ ನಂಬರು ಬಂತು. ಇನ್ನೂರು ಅಡಿ, ಅರವತ್ತೈದು ಅಡಿ, ಹನ್ನೊಂದು ಕುರಿ. ಹೆಸರು ಬರಲಿಲ್ಲ. ಯಾವ ರಂಗಪ್ಪ ಎಂದು ಕೇಳಿದವನ ಮುಖ ನೆನಪಾಯಿತು. ಅಪ್ಪ ಬಾಗಿಲು ಹಿಡಿದುಕೊಂಡು ಇಳಿದ.

ಸೇಡು ತೀರಿಸಿಕೊಂಡದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆ ಮನೆಯವನು ಮತ್ತೊಮ್ಮೆ ಹಾಗೆ ಮಾಡಿದರೆ ಮತ್ತೊಮ್ಮೆ ಹಾಗೇ ಹಿಡಿಯುತ್ತೇನೆ. ಆದರೆ ನಮ್ಮ ತಪಾಸಣಾ ವರದಿಯ ನಮೂನೆಯಲ್ಲಿ ವಾಹನದ ನಂಬರಿಗೆ, ಮಾಲೀಕನಿಗೆ, ಚಾಲಕನಿಗೆ, ಬ್ರೇಕಿಗೆ, ಟೈರಿಗೆ ಎಲ್ಲಕ್ಕೂ ಕಾಲಂ ಇತ್ತು, ಸತ್ತವರಿಗೆ ಇರಲಿಲ್ಲ. ಅಂದಿನಿಂದ ನಿವೃತ್ತಿಯ ತನಕ ನಾನು ಬರೆದ ಪ್ರತಿ ವರದಿಯ ತಲೆಯಲ್ಲಿ, ವಾಹನದ ನಂಬರಿಗಿಂತ ಮೇಲೆ, ಸತ್ತವರ ಹೆಸರನ್ನು ಕೈಯಿಂದ ಬರೆದೆ. ಇದೇನ್ರೀ ಎಂದು ಮೇಲಧಿಕಾರಿಗಳು ಎರಡು ಸಲ ಕೆಂಪು ಶಾಯಿಯಲ್ಲಿ ಕೇಳಿದರು, ಆಮೇಲೆ ಬಿಟ್ಟರು. ಅವತ್ತು ಅಪ್ಪನನ್ನು ಮನೆಗೆ ಬಿಟ್ಟು ನಾನು ಕಚೇರಿಗೆ ಹೋಗಿ ಹಳೆಯ ಫೈಲು ತೆಗೆದು ಹುಡುಕಿದೆ. ಕುರಿ ಕಾಯುತ್ತಿದ್ದವನ ಹೆಸರು ಜುಂಜಣ್ಣ.